ಪಠ್ಯಪುಸ್ತಕಗಳ ಸ್ವಯಂಪರೀಕ್ಷಾ ಸಾಮಗ್ರಿ

ವಿಶ್ವವಿದ್ಯಾಲಯದ ಪಠ್ಯಪುಸ್ತಕ ಓದುವ ವಿದ್ಯಾರ್ಥಿಯು ಓದಿದ್ದು ಎಷ್ಟು ತಲೆಗೆ ಹತ್ತಿದೆ ಎಂಬುದನ್ನು ತಾನೇ ನೋಡಿಕೊಳ್ಳಲೆಂದು ಆ ಪುಸ್ತಕದ ಜೊತೆಗೇ ಒದಗಿಸುವ ಪ್ರಶ್ನೆ, ಉತ್ತರ ಮತ್ತು ವಿವರಣೆಗಳು. ಅಧ್ಯಾಯದ ಕೊನೆಯ ಅಭ್ಯಾಸ, ಪುಸ್ತಕದ ಕೊನೆಯ ಉತ್ತರಗಳ ಪಟ್ಟಿ, ಪ್ರತ್ಯೇಕವಾಗಿ ಮಾರುವ ಕೀ ಪುಸ್ತಕ, ಅಧ್ಯಯನ ಕೈಪಿಡಿ, ರಟ್ಟಿನ ಒಳಬದಿಗೆ ಅಂಟಿಸಿದ ಸಿ.ಡಿ., ಪ್ರಕಾಶಕರ ಜಾಲತಾಣದ ಕ್ವಿಜ್ ಎಲ್ಲವೂ ಇದರಲ್ಲಿ ಸೇರುತ್ತವೆ. ಅಂಕ ಕೊಡುವುದು ಇವುಗಳ ಉದ್ದೇಶವಲ್ಲ. ಹಳೆಯ ಪರೀಕ್ಷೆಗಳ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಮಾರುವ ಗೈಡುಗಳು ಇದೇ ಕೆಲಸಕ್ಕೆ ಬಳಕೆಯಾದರೂ, ಅವು ಪರೀಕ್ಷೆಯನ್ನು ನೋಡಿ ಬರೆದವು, ಪುಸ್ತಕವನ್ನು ನೋಡಿ ಅಲ್ಲ. ಆದ್ದರಿಂದ ಅವನ್ನು ಇಲ್ಲಿ ಬದಿಗಿಡಲಾಗಿದೆ.

ಈ ಸಾಮಗ್ರಿಯ ಇತಿಹಾಸ ಎರಡು ಕಡೆ ಹಂಚಿಹೋಗಿದೆ, ಎರಡು ಕಡೆಯೂ ಅರೆಬರೆಯಾಗಿದೆ. ಶಿಕ್ಷಣ ಮನೋವಿಜ್ಞಾನದ ಪುಸ್ತಕಗಳು ಇದನ್ನು ಬೋಧನಾ ಯಂತ್ರಗಳ ಕಥೆಯಾಗಿ ಹೇಳುತ್ತವೆ. ಪುಸ್ತಕೋದ್ಯಮದ ಇತಿಹಾಸಕಾರರು ಮುಖ್ಯ ಪಠ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡು ಅದರ ಬಾಲಂಗೋಚಿಗಳನ್ನು ಕೈಬಿಡುತ್ತಾರೆ. ಗ್ರಂಥಾಲಯಗಳೂ ಇವನ್ನು ಕೂಡಿಟ್ಟಿದ್ದು ಕಡಿಮೆ. ವಿದ್ಯಾರ್ಥಿಗಳು ಬರೆದು, ಗೀಚಿ, ಪರೀಕ್ಷೆ ಮುಗಿದ ಮೇಲೆ ಎಸೆಯುವ ಪುಸ್ತಕವನ್ನು ಯಾರೂ ಕಪಾಟಿನಲ್ಲಿಡುವುದಿಲ್ಲ. ಇಡೀ ಕಥೆಯನ್ನು ಒಂದೇ ದಾರದಲ್ಲಿ ಹಿಡಿಯಬೇಕಾದರೆ ಯಂತ್ರಗಳನ್ನು ನೋಡುವುದಕ್ಕಿಂತ, ಸರಿಯುತ್ತರ ಯಾವ ಕಾಲದಲ್ಲಿ ಯಾರ ಕೈಯಲ್ಲಿತ್ತು ಎಂದು ನೋಡುವುದು ಹೆಚ್ಚು ಉಪಯುಕ್ತ.

ಪುಸ್ತಕದೊಳಗಿನ ಪ್ರಶ್ನೆಗಳು ಮೊದಮೊದಲು ಓದುಗನಿಗಾಗಿ ಇರಲಿಲ್ಲ, ಕೇಳುವ ಉಪಾಧ್ಯಾಯನಿಗಾಗಿ ಇದ್ದವು. ಜೇನ್ ಮಾರ್ಸೆಟ್ ಅವರ ರಸಾಯನಶಾಸ್ತ್ರದ ಸಂವಾದ ಪುಸ್ತಕ 19ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ತರುಣ ಮೈಕೇಲ್ ಫ್ಯಾರಡೆಗೆ ರಸಾಯನಶಾಸ್ತ್ರದ ರುಚಿ ಹತ್ತಿಸಿದ್ದು ಇದೇ ಪುಸ್ತಕ. ಭೌತವಿಜ್ಞಾನದ ಬಗ್ಗೆ ಆಕೆ ಬರೆದ ಇನ್ನೊಂದು ಸಂವಾದ ಪುಸ್ತಕದ ಅಮೆರಿಕನ್ ಆವೃತ್ತಿಗಳಿಗೆ ಜೆ. ಎಲ್. ಬ್ಲೇಕ್ ಎಂಬ ಪಾದ್ರಿ 1820ರ ದಶಕದಲ್ಲಿ ಪುಟದ ಬುಡದಲ್ಲಿ ಪ್ರಶ್ನೆಗಳನ್ನು ಸೇರಿಸಿದರು. ಉತ್ತರ ಅದೇ ಪುಟದ ಮೇಲ್ಭಾಗದಲ್ಲಿರುತ್ತಿತ್ತು. ಕಂಠಪಾಠ ಒಪ್ಪಿಸುವ ತರಗತಿಗೆ ಅಷ್ಟು ಸಾಕಾಗಿತ್ತು.

ಉತ್ತರವು ಪ್ರಶ್ನೆಯಿಂದ ದೂರ ಸರಿದದ್ದು ಗಣಿತದ ಪುಸ್ತಕಗಳಲ್ಲಿ. ಐಸಾಕ್ ಟಾಡ್‌ಹಂಟರ್, ಹಾಲ್ ಮತ್ತು ನೈಟ್, ಎಸ್. ಎಲ್. ಲೋನಿ ಅವರ ಬೀಜಗಣಿತ ಮತ್ತು ತ್ರಿಕೋನಮಿತಿ ಪುಸ್ತಕಗಳು ಭಾರತದ ಕಾಲೇಜುಗಳಲ್ಲಿಯೂ ತಲೆಮಾರುಗಳ ಕಾಲ ಓಡಿದವು. ಇವುಗಳಲ್ಲಿ ಒಂದು ಮೂರು ಹಂತದ ಏರ್ಪಾಡು ನೆಲೆಗೊಂಡಿತು: ಲೆಕ್ಕ ಅಧ್ಯಾಯದ ಕೊನೆಯಲ್ಲಿ, ಬರಿಯ ಉತ್ತರ ಪುಸ್ತಕದ ಕೊನೆಯಲ್ಲಿ, ಬಿಡಿಸುವ ಕ್ರಮ ಮಾತ್ರ ಪ್ರತ್ಯೇಕ ಬೆಲೆಯ ಇನ್ನೊಂದು ಪುಸ್ತಕದಲ್ಲಿ. ಹಾಲ್ ಮತ್ತು ನೈಟ್ ಅವರ ಉನ್ನತ ಬೀಜಗಣಿತ 1887ರಲ್ಲಿ ಬಂದರೆ ಅದರ ಲೆಕ್ಕಗಳ ಪರಿಹಾರ ಪುಸ್ತಕ 1889ರಲ್ಲಿ ಬಂತು. ಕೀ ಯಾರ ಕೈಗೆ ಹೋಗಬೇಕು ಎಂಬ ಜಗಳ ಆಗಿನಿಂದಲೂ ಇದೆ. ಉಪಾಧ್ಯಾಯರಿಗೆಂದು ಅಚ್ಚಾದ ಕೀ ವಿದ್ಯಾರ್ಥಿಯ ಚೀಲದಲ್ಲಿ ಸಿಗುವುದು ಹೊಸ ಸಂಗತಿಯೇನಲ್ಲ. ಸಮಸಂಖ್ಯೆಯ ಲೆಕ್ಕಗಳ ಉತ್ತರವನ್ನು ಮುಚ್ಚಿಟ್ಟು ಬೆಸಸಂಖ್ಯೆಯವನ್ನು ಮಾತ್ರ ಕೊಡುವ ಅಮೆರಿಕದ ರೂಢಿ ಈ ಜಗಳಕ್ಕೆ ಕಂಡುಕೊಂಡ ರಾಜಿ.

ಪ್ರೆಸ್ಸಿಯೋ ಸ್ಕಿನ್ನರೋ

ದಾಖಲೆ ಹೆಚ್ಚು ಗೋಜಲಾಗಿರುವುದು ಇಲ್ಲಿಂದ ಮುಂದೆ. ನಮ್ಮ ಬಿ.ಇಡಿ. ಪಠ್ಯಗಳೂ ಸೇರಿದಂತೆ ಬಹಳಷ್ಟು ಪುಸ್ತಕಗಳು ಸ್ವಯಂಪರೀಕ್ಷೆಯ ಆಧುನಿಕ ಕಥೆಯನ್ನು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರಿಂದ ಆರಂಭಿಸಿ, ಸಿಡ್ನಿ ಪ್ರೆಸ್ಸಿ ಅವರನ್ನು ಮುನ್ನುಡಿಯ ಒಂದು ಸಾಲಿಗೆ ಇಳಿಸುತ್ತವೆ. ಪಠ್ಯಪುಸ್ತಕದ ಜೊತೆಗಿನ ಸಾಮಗ್ರಿಯ ಮಟ್ಟಿಗೆ ಇದು ತಿರುವುಮುರುವಾದ ಲೆಕ್ಕ.

ಪ್ರೆಸ್ಸಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ಪರೀಕ್ಷೆಗಳಿಂದಾಗಿ ಬಹು ಆಯ್ಕೆಯ ಪ್ರಶ್ನೆಗಳು ಹಬ್ಬಿದ್ದವು, ಅವನ್ನು ತಿದ್ದುವ ಹೊರೆ ಅಧ್ಯಾಪಕರ ಮೇಲೆ ಬಿದ್ದಿತ್ತು. 1924–25ರ ಹೊತ್ತಿಗೆ ಅಮೆರಿಕನ್ ಮನೋವಿಜ್ಞಾನ ಸಂಘದ ಸಭೆಗಳಲ್ಲಿ ಪ್ರೆಸ್ಸಿ ಒಂದು ಯಂತ್ರವನ್ನು ಪ್ರದರ್ಶಿಸಿದರು. ಗಾತ್ರ ಒಂದು ಸಣ್ಣ ಟೈಪ್‌ರೈಟರಿನಷ್ಟು. ಒಳಗಿನ ಉರುಳೆಗೆ ಪ್ರಶ್ನೆಯ ಹಾಳೆ ಸುತ್ತಿರುತ್ತಿತ್ತು. ಕಿಂಡಿಯಲ್ಲಿ ಒಂದು ಪ್ರಶ್ನೆ ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ನಾಲ್ಕು ಕೀಲಿಗಳು. ಒಂದನ್ನು ಒತ್ತಿದರೆ ಮುಂದಿನ ಪ್ರಶ್ನೆ ಬರುತ್ತಿತ್ತು, ಸರಿಯುತ್ತರಗಳ ಲೆಕ್ಕ ಹಿಂಬದಿಯ ಎಣಿಕೆಯಲ್ಲಿ ಕೂಡುತ್ತಿತ್ತು. ಒಂದು ಸಣ್ಣ ಸನ್ನೆಯನ್ನು ಎತ್ತಿಬಿಟ್ಟರೆ ಅದೇ ಯಂತ್ರದ ಗುಣವೇ ಬದಲಾಗುತ್ತಿತ್ತು: ಸರಿಯಾದ ಕೀಲಿ ಒತ್ತುವವರೆಗೂ ಉರುಳೆ ಅಲುಗಾಡುತ್ತಿರಲಿಲ್ಲ. ಪರೀಕ್ಷಿಸುವ ಯಂತ್ರ ಆ ಕ್ಷಣಕ್ಕೆ ಕಲಿಸುವ ಯಂತ್ರವಾಗುತ್ತಿತ್ತು. ಸಾಕಷ್ಟು ಸರಿಯುತ್ತರ ಕೊಟ್ಟವರಿಗೆ ಮಿಠಾಯಿ ಉದುರಿಸುವ ಒಂದು ಜೋಡಣೆಯೂ ಇತ್ತು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಅದು ಎಷ್ಟು ಬೇಕಿತ್ತೋ!

ಪ್ರೆಸ್ಸಿ ತಮ್ಮ ಯಂತ್ರದ ವಿವರವನ್ನು 1926ರಲ್ಲಿ ಪ್ರಕಟಿಸಿದರು. ಅವರ ಸಹವರ್ತಿ ಜೆ. ಕೆ. ಲಿಟಲ್ 1934ರಲ್ಲಿ ಶಿಕ್ಷಣ ಮನೋವಿಜ್ಞಾನದ ತರಗತಿಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ಕೊಟ್ಟರು: ಉತ್ತರದ ಸರಿತಪ್ಪು ತಕ್ಷಣ ತಿಳಿದವರು ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಯಂತ್ರ ಮಾರಾಟವಾಗಲಿಲ್ಲ. ಆರ್ಥಿಕ ಕುಸಿತದ ವರ್ಷಗಳವು. ಶಿಕ್ಷಕರೇ ಕೆಲಸ ಕಳೆದುಕೊಳ್ಳುತ್ತಿದ್ದಾಗ ಅವರ ಶ್ರಮ ಉಳಿಸುವ ಯಂತ್ರ ಯಾರಿಗೂ ಬೇಕಿರಲಿಲ್ಲ. 1932ರಲ್ಲಿ ಪ್ರೆಸ್ಸಿ ಈ ಕೆಲಸ ಕೈಬಿಡುತ್ತಿರುವುದಾಗಿ ಬರೆದರು. ತಯಾರಕರೊಡನೆ ಅವರು ನಡೆಸಿದ ಗುದ್ದಾಟದ ವಿವರಗಳು ಸಾಮಾನ್ಯ ಓದುಗರಿಗೆ ಸಿಕ್ಕಿದ್ದು ಆಡ್ರೆ ವಾಟರ್ಸ್ ಪತ್ರವ್ಯವಹಾರಗಳನ್ನು ಜಾಲಾಡಿ 2021ರಲ್ಲಿ ಪ್ರಕಟಿಸಿದ ಬೋಧನಾ ಯಂತ್ರಗಳ ಇತಿಹಾಸದಲ್ಲಿ.

ಯಂತ್ರ ಹೋದರೂ ಅದರ ಅಗ್ಗದ ರೂಪಗಳು ಉಳಿದವು. ಕ್ಯಾನ್ಸಸ್‌ನಲ್ಲಿ ಜೆ. ಸಿ. ಪೀಟರ್ಸನ್ 1930ರ ಸುಮಾರಿಗೆ ರಾಸಾಯನಿಕ ಲೇಪಿಸಿದ ಹಾಳೆ ತಯಾರಿಸಿದರು: ಉತ್ತರದ ಜಾಗವನ್ನು ಒದ್ದೆ ಮಾಡಿದರೆ ಬಣ್ಣ ಬದಲಾಗಿ ಸರಿತಪ್ಪು ತಿಳಿಯುತ್ತಿತ್ತು. ಪ್ರೆಸ್ಸಿ ಸ್ವತಃ ತೂತುಹಲಗೆಯನ್ನು ಬಳಕೆಗೆ ತಂದರು. ಆರಿಸಿದ ಉತ್ತರದ ತೂತಿಗೆ ಪೆನ್ಸಿಲ್ ಚುಚ್ಚಬೇಕು. ಸರಿಯಾಗಿದ್ದರೆ ಮೊನೆ ಆಳಕ್ಕೆ ಇಳಿಯುತ್ತದೆ, ತಪ್ಪಾಗಿದ್ದರೆ ಕಾಗದ ಹರಿದು ಅಲ್ಲೇ ನಿಲ್ಲುತ್ತದೆ, ಇನ್ನೊಂದು ತೂತು ಹುಡುಕಬೇಕು. ಹಾಳೆಯ ಮೇಲೆ ತಪ್ಪುಗಳ ಗುರುತೂ ಉಳಿಯುತ್ತದೆ.

ಸ್ಕಿನ್ನರ್ ಈ ಕ್ಷೇತ್ರಕ್ಕೆ ಬಂದದ್ದು 1953ರ ನಂತರ. 1958ರ ಪ್ರಸಿದ್ಧ ಲೇಖನದಲ್ಲಿ ಅವರು ಪ್ರೆಸ್ಸಿಯವರ ಆದ್ಯತೆಯನ್ನು ಒಪ್ಪಿಕೊಂಡೇ ಮುಂದುವರಿದರು. ಸಾಲ ಅಡಗಿಸಿದರೆಂಬ ಆರೋಪಕ್ಕೆ ಆಧಾರವಿಲ್ಲ. ಆದರೆ ಇಬ್ಬರ ದಾರಿ ಬೇರೆ. ಸ್ಕಿನ್ನರ್ ಬಯಸಿದ್ದು ಪಠ್ಯಪುಸ್ತಕದ ಜಾಗದಲ್ಲಿ ಇನ್ನೊಂದನ್ನು. ಜೇಮ್ಸ್ ಹಾಲೆಂಡ್ ಜೊತೆ 1961ರಲ್ಲಿ ಅವರು ತಂದ ಪ್ರೋಗ್ರಾಮ್ಡ್ ಪಠ್ಯದಲ್ಲಿ ವಿಷಯವನ್ನೇ ಸಣ್ಣ ಸಣ್ಣ ಪ್ರಶ್ನೆಗಳಾಗಿ ಕತ್ತರಿಸಲಾಗಿತ್ತು. ಪುಟ ತಿರುವಿದರೆ ಉತ್ತರ. ಅಲ್ಲಿ ಬೇರೆ ಪಠ್ಯವೇ ಇಲ್ಲ. ಪ್ರೆಸ್ಸಿ 1960ರ ದಶಕದ ಲೇಖನಗಳಲ್ಲಿ ಇದನ್ನು ಕಟುವಾಗಿ ಟೀಕಿಸಿದರು. ಒಳ್ಳೆಯ ಅಧ್ಯಾಯಕ್ಕೆ ತನ್ನದೇ ಕಟ್ಟಡವಿರುತ್ತದೆ, ಅದನ್ನು ಚೂರು ಮಾಡಬಾರದು; ಇಡೀ ಅಧ್ಯಾಯ ಓದಿಸಿ, ಮುಖ್ಯ ಅಂಶಗಳ ಮೇಲೆ ಮಾತ್ರ ಪ್ರಶ್ನೆ ಕೇಳಿ, ಎಡವಿದಲ್ಲಿ ತಿಳಿಸಿಕೊಡಿ ಎಂಬುದು ಅವರ ವಾದ. ಪ್ರೋಗ್ರಾಮ್ಡ್ ಪಠ್ಯಗಳ ಭರಾಟೆ 1970ರ ದಶಕದಲ್ಲಿ ತಗ್ಗಿತು. ಇಂದಿನ ಅಧ್ಯಾಯಾಂತ್ಯದ ಕ್ವಿಜ್ ಹಿಡಿದಿರುವುದು ಪ್ರೆಸ್ಸಿಯವರ ದಾರಿಯನ್ನೇ.

ಕೈಪಿಡಿಗಳು ಮತ್ತು ದೂರಶಿಕ್ಷಣ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಕಾಲೇಜುಗಳು ತುಂಬಿ ತುಳುಕಿದಾಗ ಪರಿಚಯ ಪಠ್ಯಗಳಿಗೆ ಅಧ್ಯಯನ ಕೈಪಿಡಿ ಸೇರಿಸುವುದು ವಾಡಿಕೆಯಾಯಿತು. ಪಾಲ್ ಸ್ಯಾಮ್ಯುಯೆಲ್‌ಸನ್ ಅವರ ಅರ್ಥಶಾಸ್ತ್ರದಂಥ ದೊಡ್ಡ ಪಠ್ಯಗಳ ಪಕ್ಕದಲ್ಲಿ ಇನ್ನೊಬ್ಬರು ಬರೆದ ಕೈಪಿಡಿ ಇರುವುದು ಸಹಜವೆನಿಸಿತು. ಭಾರತದಲ್ಲೂ ಪರಿಚಿತವಾದ ಶಾಮ್ಸ್ ಔಟ್‌ಲೈನ್ ಮಾಲೆ ಮಾತ್ರ ಯಾವ ಒಂದು ಪಠ್ಯಕ್ಕೂ ಕಟ್ಟುಬೀಳದೆ, ಬಿಡಿಸಿದ ಲೆಕ್ಕಗಳನ್ನೇ ಬಂಡವಾಳ ಮಾಡಿಕೊಂಡಿತು.

ದೂರಶಿಕ್ಷಣ ಈ ಸಾಮಗ್ರಿಯನ್ನು ಪುಸ್ತಕದ ಬಾಲದಿಂದ ಹೊಟ್ಟೆಗೆ ತಂದಿತು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ 1971ರಲ್ಲಿ ಮೊದಲ ವಿದ್ಯಾರ್ಥಿಗಳಿಗೆ ಪಾಠ ಆರಂಭಿಸಿದಾಗ ಸ್ವಮೌಲ್ಯಮಾಪನದ ಪ್ರಶ್ನೆಗಳು ಪಾಠದ ನಡುನಡುವೆಯೇ ಇದ್ದವು. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಪಾಠಗಳಲ್ಲಿ ಈ ರೂಪ ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ. ಎರಡು ಮೂರು ಪುಟಗಳಿಗೊಮ್ಮೆ ಪಾಠ ನಿಲ್ಲುತ್ತದೆ. ಒಂದೆರಡು ಪ್ರಶ್ನೆ, ಅದರ ಕೆಳಗೆ ಬರೆಯಲು ಚುಕ್ಕಿಗೆರೆಗಳು, ಉತ್ತರವನ್ನು ಘಟಕದ ಕೊನೆಯಲ್ಲಿರುವುದರ ಜೊತೆ ಹೋಲಿಸಿ ನೋಡಿಕೊಳ್ಳಿ ಎಂಬ ಸೂಚನೆ. ಕೇಳಲು ಮೇಷ್ಟ್ರಿಲ್ಲದ ವಿದ್ಯಾರ್ಥಿಗೆ ಉತ್ತರ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೀ ಜಗಳ ಇಲ್ಲಿ ತಾನಾಗಿ ಬಗೆಹರಿಯಿತು. ಕರ್ನಾಟಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ 1969ರಲ್ಲಿ ಆರಂಭವಾಗಿ, 1996ರಲ್ಲಿ ಅದೇ ನೆಲೆಯ ಮೇಲೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿತು. ಕನ್ನಡ ಮಾಧ್ಯಮದ ಸಾವಿರಾರು ಪದವಿ ವಿದ್ಯಾರ್ಥಿಗಳ ಕೈಗೆ ಪಾಠ ಅಂಚೆಯಲ್ಲಿ ತಲುಪಿದ್ದು ಈ ದಾರಿಯಲ್ಲಿ.

ಸ್ವಯಂಪರೀಕ್ಷೆಯಿಂದ ನಿಜಕ್ಕೂ ಉಪಯೋಗವಿದೆಯೇ? ಅಯೋವಾದ 3,605 ಮಕ್ಕಳ ಮೇಲೆ ಎಚ್. ಎಫ್. ಸ್ಪಿಟ್ಜರ್ ನಡೆಸಿದ ಅಧ್ಯಯನ 1939ರಲ್ಲೇ ಹೌದೆಂದಿತ್ತು. ಅದು ದಶಕಗಳ ಕಾಲ ಮೂಲೆಗುಂಪಾಯಿತು. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಮತ್ತೆ ಗಮನ ಸೆಳೆಯಿತು. ಒಂದು ಗದ್ಯಭಾಗವನ್ನು ನಾಲ್ಕು ಬಾರಿ ಓದಿದವರಿಗೆ ವಾರದ ನಂತರ ಅದರ ಸುಮಾರು ಶೇಕಡ 40 ನೆನಪಿತ್ತು. ಒಮ್ಮೆ ಓದಿ ಮೂರು ಬಾರಿ ನೆನಪಿನಿಂದ ಬರೆದವರಿಗೆ ಸುಮಾರು ಶೇಕಡ 61. ಐದು ನಿಮಿಷದ ನಂತರ ಕೇಳಿದಾಗ ಮಾತ್ರ ಓದಿದವರೇ ಮುಂದಿದ್ದರು. ಓದುವವರು ತಮ್ಮ ಬಗ್ಗೆ ತಾವೇ ಮೋಸಹೋಗುವುದು ಇಲ್ಲಿಯೇ. ಇದಕ್ಕೆ ಒಂದು ತಿದ್ದುಪಡಿಯನ್ನೂ ಸೇರಿಸಬೇಕು. ಸರಿಯುತ್ತರ ತಿಳಿಸದೆ ಬಿಟ್ಟ ಬಹು ಆಯ್ಕೆಯ ಪ್ರಶ್ನೆಗಳಿಂದ ತಪ್ಪು ಆಯ್ಕೆಗಳೇ ಮನಸ್ಸಿನಲ್ಲಿ ಕೂರಬಹುದೆಂದು ರೋಡಿಗರ್ ಮತ್ತು ಎಲಿಜಬೆತ್ ಮಾರ್ಶ್ 2005ರಲ್ಲಿ ತೋರಿಸಿದ್ದರು. ಉತ್ತರವಿಲ್ಲದ ಪ್ರಶ್ನಾವಳಿಗೆ ಸ್ವಯಂಪರೀಕ್ಷೆ ಎಂಬ ಹೆಸರು ಒಪ್ಪುವುದಿಲ್ಲ.

ಜಾಲತಾಣಗಳ ಕಾಲ

1990ರ ದಶಕದ ಕೊನೆಯಲ್ಲಿ ದೊಡ್ಡ ಪ್ರಕಾಶಕರು ಪಠ್ಯಕ್ಕೊಂದು ಸಂಗಾತಿ ಜಾಲತಾಣ ತೆರೆಯತೊಡಗಿದರು. ಅಧ್ಯಾಯ ಆರಿಸಿ, ಹತ್ತಿಪ್ಪತ್ತು ಪ್ರಶ್ನೆಗೆ ಗುಂಡಿ ಒತ್ತಿದರೆ ಸರಿತಪ್ಪು ತೆರೆಯ ಮೇಲೆ ಬರುತ್ತಿತ್ತು. ಬಹಳಷ್ಟು ತಾಣಗಳಲ್ಲಿ ಹಣವನ್ನೂ ಕೇಳುತ್ತಿರಲಿಲ್ಲ. ಇದೇ ಹೊತ್ತಿಗೆ ವಿಶ್ವವಿದ್ಯಾಲಯಗಳ ಒಳಗಿನಿಂದ ಇನ್ನೊಂದು ಧಾರೆ ಹರಿಯಿತು: ಜಾಲದಲ್ಲೇ ಮನೆಗೆಲಸ ಕೊಟ್ಟು ತಿದ್ದುವ ವ್ಯವಸ್ಥೆಗಳು. ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1997ರಲ್ಲಿ ವೆಬ್‌ಅಸೈನ್ ಹುಟ್ಟಿತು. ಎಂ.ಐ.ಟಿ.ಯಲ್ಲಿ ಡೇವಿಡ್ ಪ್ರಿಚರ್ಡ್ ರೂಪಿಸಿದ ಸೈಬರ್‌ಟ್ಯೂಟರ್ ಮುಂದೆ ಪಿಯರ್ಸನ್ನಿನ ಮಾಸ್ಟರಿಂಗ್ ಫಿಸಿಕ್ಸ್ ಆಯಿತು. ಅರ್ಥಶಾಸ್ತ್ರಜ್ಞ ಪಾಲ್ ರೋಮರ್ 2000ದಲ್ಲಿ ಆರಂಭಿಸಿದ ಆಪ್ಲಿಯಾ 2007ರಲ್ಲಿ ಸೆಂಗೇಜ್ ಪಾಲಾಯಿತು. ಅದೇ ರೋಮರ್ 2018ರಲ್ಲಿ ನೊಬೆಲ್ ಪಡೆದರು.

ಇವು ಬಂದ ಮೇಲೆ ಎರಡು ಬದಲಾವಣೆ ಆದವು. ಮನೆಗೆಲಸಕ್ಕೆ ಅಂಕ ಸೇರಿತು, ಅಂಕ ಅಧ್ಯಾಪಕರ ಪಟ್ಟಿಗೆ ಹೋಯಿತು. ವಿದ್ಯಾರ್ಥಿ ಯಾರಿಗೂ ತಿಳಿಯದಂತೆ ತಪ್ಪು ಮಾಡುವ ಸ್ವಾತಂತ್ರ್ಯ ಹೋಯಿತು. ಇವನ್ನು ಸ್ವಯಂಪರೀಕ್ಷೆಯೆಂದು ಕರೆಯಬೇಕೇ ಎಂಬುದರ ಬಗ್ಗೆ ಒಮ್ಮತವಿಲ್ಲ. ಎರಡನೆಯದಾಗಿ, ಪ್ರವೇಶಕ್ಕೆ ಒಮ್ಮೆ ಮಾತ್ರ ನಡೆಯುವ ಕೋಡ್ ಬಂತು. ಹಳೆಯ ಪುಸ್ತಕ ಕೊಂಡವನಿಗೆ ಅದರೊಳಗಿನ ಕೋಡ್ ಉಪಯೋಗಕ್ಕೆ ಬಾರದು. ಸೆಕೆಂಡ್ ಹ್ಯಾಂಡ್ ಪುಸ್ತಕದ ಮಾರುಕಟ್ಟೆಗೆ ಇದು ಕೊಟ್ಟ ಪೆಟ್ಟನ್ನು ಅಮೆರಿಕದ ವಿದ್ಯಾರ್ಥಿ ಸಂಘಟನೆಗಳು ಮತ್ತೆ ಮತ್ತೆ ಎತ್ತಿ ಆಡಿವೆ. ಕಪಾಟಿನಲ್ಲಿದ್ದ ಕೀ ಈಗ ಪ್ರಕಾಶಕರ ಸರ್ವರ್ ಸೇರಿದೆ.

ಉಚಿತ ತಾಣಗಳ ಗತಿ ಇನ್ನೂ ಕಷ್ಟ. ಹೊಸ ಆವೃತ್ತಿ ಬಂದಾಗ, ಸಂಸ್ಥೆಗಳು ವಿಲೀನವಾದಾಗ ಹಳೆಯ ತಾಣಗಳು ಸದ್ದಿಲ್ಲದೆ ಮುಚ್ಚಿದವು. ಫ್ಲ್ಯಾಶ್‌ನಲ್ಲಿ ಮಾಡಿದ ಕ್ವಿಜ್‌ಗಳು, ಅಡೋಬಿ ಆ ತಂತ್ರಾಂಶದ ಬೆಂಬಲವನ್ನು 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿದ ಮೇಲೆ ಮಾಮೂಲಿ ಬ್ರೌಸರಿನಲ್ಲಿ ತೆರೆಯುವುದಿಲ್ಲ. 1887ರ ಬೀಜಗಣಿತದ ಕೀ ಇಂದಿಗೂ ಓದಲು ಸಿಗುತ್ತದೆ, 2003ರ ಮನೋವಿಜ್ಞಾನ ಪಠ್ಯದ ಕ್ವಿಜ್ ಸಿಗುವುದು ಕಷ್ಟ.

ಭಾರತದಲ್ಲಿ 2017ರಲ್ಲಿ ಉದ್ಘಾಟನೆಯಾದ ಸ್ವಯಂ ವೇದಿಕೆ ತನ್ನ ಪ್ರತಿ ಕೋರ್ಸಿನ ನಾಲ್ಕು ಅಂಗಗಳಲ್ಲಿ ಒಂದನ್ನಾಗಿ ಸ್ವಮೌಲ್ಯಮಾಪನವನ್ನು ನಿಗದಿ ಮಾಡಿದೆ. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ 2012ರಿಂದ ಉಚಿತ ಪಠ್ಯಗಳನ್ನು ಪ್ರಕಟಿಸುತ್ತಿದೆ. ಅಧ್ಯಾಯಾಂತ್ಯದ ಪ್ರಶ್ನೆಗಳು ಯಾರಿಗಾದರೂ ಸಿಗುತ್ತವೆ. ಅಧ್ಯಾಪಕರಿಗೆಂದು ಮೀಸಲಾದ ಪರಿಹಾರ ಪುಸ್ತಕಗಳನ್ನು ಮಾತ್ರ, ಕೇಳಿದವರು ಅಧ್ಯಾಪಕರೆಂದು ಖಾತ್ರಿಯಾದ ಮೇಲೆ ಕೊಡಲಾಗುತ್ತದೆ.