ವಿಡಿಯೊ ಗೇಮ್‌ಗಳ ಎರಡನೇ ಭಾಗಕ್ಕೇಕೆ ಮೇಲುಗೈ?

1981ರ ಹೊತ್ತಿಗೆ ಅಮೆರಿಕದ ಆರ್ಕೇಡ್ ಮಾಲೀಕರಿಗೆ ವಿಚಿತ್ರವಾದ ತಲೆನೋವೊಂದು ಶುರುವಾಗಿತ್ತು. ಹಿಂದಿನ ವರ್ಷ ಜಪಾನಿನ ನ್ಯಾಮ್ಕೊ ಕಂಪನಿ ಹೊರತಂದಿದ್ದ ‘ಪ್ಯಾಕ್-ಮ್ಯಾನ್’ ಯಂತ್ರದ ಮುಂದೆ ಜನ ಮುಗಿಬೀಳುತ್ತಿದ್ದರು, ನಿಜ. ಆದರೆ ಕೈ ಪಳಗಿದವರು ಒಂದೇ ನಾಣ್ಯ ಹಾಕಿ ಗಂಟೆಗಟ್ಟಲೆ ಕದಲುತ್ತಿರಲಿಲ್ಲ. ಆ ಆಟದಲ್ಲಿ ಬೆನ್ನಟ್ಟಿ ಬರುವ ನಾಲ್ಕು ಭೂತಗಳು ಲೆಕ್ಕಾಚಾರಕ್ಕೆ ಕಟ್ಟುಬಿದ್ದವು. ಆಟಗಾರ ಅದೇ ಹಾದಿಯಲ್ಲಿ ಅದೇ ಕ್ಷಣಕ್ಕೆ ತಿರುಗಿದರೆ ಭೂತಗಳೂ ಪ್ರತಿ ಸಲ ಅದೇ ಮೂಲೆಯಲ್ಲಿ ತಿರುಗುತ್ತಿದ್ದವು. ಚಕ್ರವ್ಯೂಹವೂ ಕೊನೆಯ ತನಕ ಒಂದೇ. ಹಾದಿ ಬಾಯಿಪಾಠವಾಯಿತೆಂದರೆ ಭಯವೂ ಮುಗಿಯಿತು, ಮಾಲೀಕನ ಗಳಿಕೆಯೂ ಮುಗಿಯಿತು. ಆ ಹಾದಿಗಳನ್ನು ಕಲಿಸಿಕೊಡುವ ಪುಸ್ತಕಗಳೇ ಮಾರುಕಟ್ಟೆಗೆ ಬಂದವು.

ಇದಕ್ಕೆ ಮದ್ದು ಅರೆದವರು ಮೂಲ ಆಟ ಮಾಡಿದವರಲ್ಲ. ಎಂಐಟಿಯ ಓದನ್ನು ಅರ್ಧಕ್ಕೇ ಬಿಟ್ಟ ಯುವಕರು ಮ್ಯಾಸಚೂಸೆಟ್ಸ್‌ನಲ್ಲಿ ಜನರಲ್ ಕಂಪ್ಯೂಟರ್ ಕಾರ್ಪೊರೇಷನ್ ಎಂಬ ಪುಟ್ಟ ಸಂಸ್ಥೆ ಕಟ್ಟಿಕೊಂಡು, ಹಳೆಯ ಯಂತ್ರದೊಳಗೆ ಕೂರಿಸಿದರೆ ಆಟಕ್ಕೆ ಹೊಸ ಜೀವ ಕೊಡುವ ಸರ್ಕ್ಯೂಟ್ ಬೋರ್ಡ್‌ಗಳನ್ನು ಮಾರುತ್ತಿದ್ದರು. ‘ಮಿಸೈಲ್ ಕಮಾಂಡ್’ಗೆ ಅಂಥದ್ದೊಂದು ಬೋರ್ಡ್ ಮಾಡಿದ್ದಕ್ಕೆ ಅಟಾರಿ ಇವರನ್ನು ಕೋರ್ಟಿಗೆ ಎಳೆಯಿತು, ಕೊನೆಗೆ ರಾಜಿಯಾಗಿ ಅದೇ ಅಟಾರಿ ಇವರಿಗೆ ಕೆಲಸ ಕೊಟ್ಟಿತು. ಪ್ಯಾಕ್-ಮ್ಯಾನ್‌ಗೆಂದು ಇವರು ಸಿದ್ಧಪಡಿಸಿದ್ದ ‘ಕ್ರೇಜಿ ಒಟ್ಟೊ’ವನ್ನು, ಮೂಲ ಆಟವನ್ನು ಅಮೆರಿಕದಲ್ಲಿ ಹಂಚುತ್ತಿದ್ದ ಮಿಡ್‌ವೇ ಕಂಪನಿ ಖರೀದಿಸಿತು. 1982ರಲ್ಲಿ ಅದು ‘ಮಿಸ್ ಪ್ಯಾಕ್-ಮ್ಯಾನ್’ ಆಗಿ ಹೊರಬಂತು. ನಾಲ್ಕು ಚಕ್ರವ್ಯೂಹಗಳು, ಒಂದೆಡೆ ನಿಲ್ಲದೆ ಅಲೆದಾಡುವ ಹಣ್ಣು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಮುಂದೇನು ಮಾಡುತ್ತವೆಂದು ಹೇಳಲಾಗದ ಭೂತಗಳು. ಬಾಯಿಪಾಠದ ಆಟ ಅಲ್ಲಿಗೆ ನಿಂತಿತು.

ಸಿನಿಮಾ ಜಗತ್ತಿನಲ್ಲಿ ಸೀಕ್ವೆಲ್ ಎಂದರೆ ಪ್ರೇಕ್ಷಕರು ಸ್ವಲ್ಪ ಅನುಮಾನದಿಂದಲೇ ಟಿಕೆಟ್ ಕೊಳ್ಳುತ್ತಾರೆ. ‘ಆಪ್ತಮಿತ್ರ’ದ ನಂತರ ‘ಆಪ್ತರಕ್ಷಕ’ ಬಂದಾಗಲೂ ಕಥೆ, ಸೆಟ್, ಚಿತ್ರೀಕರಣ ಎಲ್ಲವೂ ಹೊಸದಾಗಿಯೇ ಶುರುವಾಗಬೇಕಿತ್ತು. ಆಟಗಳ ಲೋಕದಲ್ಲಿ ಮಾತ್ರ ಎರಡನೆಯದು ಮೊದಲನೆಯದಕ್ಕಿಂತ ಚೆನ್ನಾಗಿರುತ್ತದೆಂಬ ನಿರೀಕ್ಷೆಯೇ ಸಹಜ. ಮೊದಲ ಆಟ ಕಟ್ಟುವಾಗ ತಂಡದ ಸಮಯವೆಲ್ಲ ಕಾಣದ ಕೆಲಸಗಳಿಗೆ ಹೋಗುತ್ತದೆ. ಪಾತ್ರ ಎಷ್ಟೆತ್ತರ ಜಿಗಿಯಬೇಕು, ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಗೋಡೆಗೆ ಡಿಕ್ಕಿ ಹೊಡೆದರೆ ಏನಾಗಬೇಕು ಎಂಬುದನ್ನೆಲ್ಲ ಒಂದೊಂದಾಗಿ ತಿದ್ದುವಷ್ಟರಲ್ಲಿ ಬಿಡುಗಡೆಯ ದಿನ ಬಾಗಿಲಿಗೆ ಬಂದಿರುತ್ತದೆ. ಎರಡನೇ ಸಲ ಆ ಕೋಡ್ ಕೈಯಲ್ಲೇ ಇರುತ್ತದೆ. ಜತೆಗೆ ಮೊದಲ ಆಟವನ್ನು ಲಕ್ಷಾಂತರ ಜನ ಹೇಗೆ ಆಡಿದರು, ಎಲ್ಲಿ ಬೇಸತ್ತರು, ಎಲ್ಲಿ ಮೋಸದ ದಾರಿ ಕಂಡುಕೊಂಡರು ಎಂಬುದೂ ಗೊತ್ತಿರುತ್ತದೆ. ಒಳ್ಳೆಯ ಸೀಕ್ವೆಲ್‌ಗಳ ಅರ್ಧ ಭಾಗವನ್ನು ಆಟಗಾರರೇ ಬರೆದಿರುತ್ತಾರೆ ಎಂದರೆ ಉತ್ಪ್ರೇಕ್ಷೆಯಾಗದು.

ಆರಂಭದ ವರ್ಷಗಳಲ್ಲಿ ಯಂತ್ರದ ಮಿತಿಯೇ ದೊಡ್ಡ ಅಡ್ಡಿ. ಅಟಾರಿ 2600ರಲ್ಲಿ ಇದ್ದ ರ‍್ಯಾಮ್ ಬರೀ 128 ಬೈಟ್. ಡೇವಿಡ್ ಕ್ರೇನ್ 1982ರಲ್ಲಿ ‘ಪಿಟ್‌ಫಾಲ್’ ಮಾಡಿದಾಗ ಕಾಡಿನ 255 ದೃಶ್ಯಗಳನ್ನು ಕೂಡಿಡಲು ಜಾಗವಿಲ್ಲದೆ, ಒಂದು ಗಣಿತ ಸೂತ್ರದಿಂದಲೇ ಅವನ್ನು ಹುಟ್ಟಿಸಿದ್ದರು. ಎರಡು ವರ್ಷ ಬಿಟ್ಟು ‘ಪಿಟ್‌ಫಾಲ್ 2’ ಮಾಡುವಾಗ ಯಂತ್ರ ಅದೇ ಇತ್ತು. ಕ್ರೇನ್ ಆಟದ ಕಾರ್ಟ್ರಿಜ್ ಒಳಗೇ ಇನ್ನೊಂದು ಚಿಪ್ ಕೂರಿಸಿದರು; ಆ ಹಳೆಯ ಪೆಟ್ಟಿಗೆಯಿಂದ ನಿರಂತರ ಸಂಗೀತ ಹೊಮ್ಮಿತು. ಇದಕ್ಕಿಂತಲೂ ದೊಡ್ಡದಾದ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. ಮೊದಲನೆಯದರಲ್ಲಿ ಮೂರು ಜೀವ ಕಳೆದುಕೊಂಡರೆ ಆಟ ಖತಂ. ಎರಡನೆಯದರಲ್ಲಿ ಸಾವೇ ಇಲ್ಲ: ಎಡವಿದವನು ತಾನು ಕೊನೆಯದಾಗಿ ಮುಟ್ಟಿದ್ದ ಶಿಲುಬೆ ಗುರುತಿಗೆ ವಾಪಸಾಗುತ್ತಾನೆ, ಅಂಕ ಕರಗುತ್ತದೆ, ಅಷ್ಟೇ. ನಾಣ್ಯ ನುಂಗುವ ಯಂತ್ರದ ನಿಯಮ ಮನೆಯ ಟಿವಿಗೆ ಬೇಕಿಲ್ಲ ಎಂಬುದನ್ನು ಕ್ರೇನ್ ಬೇಗನೇ ಕಂಡುಕೊಂಡಿದ್ದರು.

ಎಲ್ಲರೂ ಅಷ್ಟು ಬೇಗ ಕಂಡುಕೊಳ್ಳಲಿಲ್ಲ. ‘ಸೂಪರ್ ಮಾರಿಯೊ ಬ್ರದರ್ಸ್’ 1985ರಲ್ಲಿ ಮನೆಮಾತಾದ ಮರುವರ್ಷವೇ ನಿಂಟೆಂಡೊ ಜಪಾನಿನಲ್ಲಿ ಎರಡನೇ ಭಾಗ ಬಿಟ್ಟಿತು. ಅದೇ ಚಿತ್ರ, ಅದೇ ಜಿಗಿತ. ಹೊಸತೆಂದರೆ ವಿಷದ ಅಣಬೆ, ಬೀಸುವ ಗಾಳಿ ಮತ್ತು ಮಿತಿಮೀರಿದ ಕಷ್ಟ. ನಿಂಟೆಂಡೊದ ಅಮೆರಿಕ ಶಾಖೆಯವರು ಆಡಿ ನೋಡಿ ಬೇಡವೆಂದರು. ಬದಲಿಗೆ ‘ಡೊಕಿ ಡೊಕಿ ಪ್ಯಾನಿಕ್’ ಎಂಬ ಬೇರೆಯೇ ಆಟದ ಪಾತ್ರಗಳಿಗೆ ಮಾರಿಯೊ ವೇಷ ತೊಡಿಸಿ, 1988ರಲ್ಲಿ ‘ಸೂಪರ್ ಮಾರಿಯೊ ಬ್ರದರ್ಸ್ 2’ ಎಂದು ಅಲ್ಲಿ ಮಾರಲಾಯಿತು. ಅದೇ ವರ್ಷ ಜಪಾನಿನಲ್ಲಿ ಬಂದ ಮೂರನೇ ಭಾಗ ಸರಣಿಯ ನಿಜವಾದ ನೆಗೆತ. ನಕ್ಷೆಯ ಮೇಲೆ ದಾರಿ ಆರಿಸಿಕೊಳ್ಳುವ ಸ್ವಾತಂತ್ರ್ಯ, ಚಿಕ್ಕ ಚಿಕ್ಕ ಹಂತಗಳು, ಓಡಿ ವೇಗ ಹಿಡಿದರೆ ಹಾರಿಸುವ ಬಾಲ. ಹಳೆಯದನ್ನೇ ಕಠಿಣ ಮಾಡುವುದು ಬೇರೆ, ಮುಂದಕ್ಕೆ ಒಯ್ಯುವುದು ಬೇರೆ ಎಂಬುದಕ್ಕೆ ಒಂದೇ ಕಂಪನಿಯೊಳಗೆ ಇಷ್ಟು ಸ್ಪಷ್ಟವಾದ ನಿದರ್ಶನ ಸಿಗುವುದು ಅಪರೂಪ.

ಮೂಲವನ್ನು ಜನ ಮರೆತೇಬಿಡುವಷ್ಟು ಮೇಲೇರಿದ ಎರಡನೇ ಭಾಗ ಯಾವುದೆಂದರೆ ‘ಸ್ಟ್ರೀಟ್ ಫೈಟರ್ 2’. ಕ್ಯಾಪ್‌ಕಾಮ್ 1987ರಲ್ಲಿ ಮಾಡಿದ ಮೊದಲ ಆಟದ ಯಂತ್ರಕ್ಕೆ ಎರಡು ದಪ್ಪ ರಬ್ಬರ್ ಪ್ಯಾಡ್‌ಗಳಿದ್ದವು. ಎಷ್ಟು ಜೋರಾಗಿ ಗುದ್ದಿದರೆ ಪರದೆಯ ಮೇಲೆ ಅಷ್ಟು ಬಲದ ಏಟು. ಆಡುವವರ ಕೈಯೂ ಸೋಲುತ್ತಿತ್ತು, ಯಂತ್ರವೂ ಸೋಲುತ್ತಿತ್ತು. ಆಡಲು ಸಿಗುತ್ತಿದ್ದವನು ರ‍್ಯೂ ಒಬ್ಬನೇ. ಎರಡನೇ ಆಟಗಾರ ಬಂದರೆ ಕೆನ್. ವಿಶೇಷ ಏಟುಗಳನ್ನು ಹೊರಡಿಸುವುದಂತೂ ಅದೃಷ್ಟವಿದ್ದವರಿಗೆ ಮಾತ್ರ. ನಿರ್ದೇಶಕ ತಕಾಶಿ ನಿಶಿಯಾಮಾ ಆಮೇಲೆ ಕಂಪನಿ ಬಿಟ್ಟು ಪ್ರತಿಸ್ಪರ್ಧಿ ಎಸ್‌ಎನ್‌ಕೆ ಸೇರಿದರು.

1991ರಲ್ಲಿ ಅಕಿರಾ ನಿಶಿತಾನಿ ಮತ್ತು ಅಕಿರಾ ಯಾಸುದಾ ಅವರ ತಂಡ ಆರು ಬಟನ್, ಎಂಟು ಹೋರಾಟಗಾರರೊಂದಿಗೆ ಬಂತು. ರ‍್ಯೂ, ಕೆನ್ ಇಬ್ಬರನ್ನು ಬಿಟ್ಟರೆ ಎಲ್ಲರ ನಡಿಗೆ, ಎಟುಕು, ದೌರ್ಬಲ್ಯ ಬೇರೆಬೇರೆ. ಬಟನ್ ಒತ್ತುವ ಕ್ಷಣ ತುಸು ಹಿಂದುಮುಂದಾದರೂ ವಿಶೇಷ ಏಟು ಹೊರಡಲೆಂದು ತಂಡ ನಿಯಮವನ್ನು ಸಡಿಲಿಸಿತ್ತು. ಆ ಸಡಿಲಿಕೆಯಿಂದ ಯಾರೂ ಯೋಜಿಸದ ಇನ್ನೊಂದು ಸಂಗತಿ ಹುಟ್ಟಿತು. ಕಾರನ್ನು ಒಡೆದು ಪುಡಿಮಾಡುವ ಬೋನಸ್ ಹಂತವನ್ನು ಪರೀಕ್ಷಿಸುತ್ತಿದ್ದ ನೊರಿತಾಕಾ ಫುನಾಮಿಜು ಅವರಿಗೆ, ಸಮಯ ಸರಿ ಹೊಂದಿಸಿದರೆ ಒಂದು ಏಟು ಮುಗಿಯುವ ಮೊದಲೇ ಇನ್ನೊಂದು ಏಟು ಸೇರಿಕೊಳ್ಳುತ್ತದೆ ಎಂಬುದು ಕಣ್ಣಿಗೆ ಬಿತ್ತು. ಇಷ್ಟು ಕಷ್ಟದ್ದನ್ನು ಯಾರು ಕಲಿತಾರು ಎಂದುಕೊಂಡು ತಂಡ ಅದನ್ನು ಅಳಿಸದೆ ಹಾಗೆಯೇ ಬಿಟ್ಟಿತು. ಆಟಗಾರರು ಕಲಿತರು. ಇವತ್ತು ಹೊಡೆದಾಟದ ಆಟಗಳೆಲ್ಲ ನಿಂತಿರುವುದೇ ಆ ‘ಕಾಂಬೊ’ ಮೇಲೆ.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಇಬ್ಬರಿಗೂ ಒಂದೇ ಪಾತ್ರ ಬೇಕೆಂದು, ಖಳನಾಯಕರನ್ನೂ ಆಡಬೇಕೆಂದು ಜನ ಹಟ ಹಿಡಿದಾಗ 1992ರಲ್ಲಿ ‘ಚಾಂಪಿಯನ್ ಎಡಿಷನ್’ ಬಂತು. ಅದನ್ನು ಕದ್ದು ತಿದ್ದಿದ ನಕಲಿ ಬೋರ್ಡ್‌ಗಳಲ್ಲಿ ಆಟದ ವೇಗ ಹುಚ್ಚುಚ್ಚಾಗಿತ್ತು, ಗಾಳಿಯಲ್ಲಿ ತೇಲುತ್ತಲೇ ಬೆಂಕಿಯುಂಡೆ ಎಸೆಯಬಹುದಿತ್ತು. ಜನ ಅದಕ್ಕೂ ನಾಣ್ಯ ಹಾಕಿದರು. ಆ ವರ್ಷ ಮುಗಿಯುವ ಮೊದಲೇ ಕ್ಯಾಪ್‌ಕಾಮ್ ತಾನೇ ವೇಗ ಹೆಚ್ಚಿಸಿದ ಹೊಸ ಆವೃತ್ತಿ ಬಿಡುಗಡೆ ಮಾಡಿತು. ಕಳ್ಳರಿಂದಲೂ ಪಾಠ ಕಲಿಯುವ ಉದ್ಯಮವಿದು.

ಕಂಪ್ಯೂಟರ್ ಆಟಗಳಲ್ಲಿ ಸುಧಾರಣೆಯ ಬಗೆ ಬೇರೆ. ಅಲ್ಲಿ ಲೆಕ್ಕವೇ ಆಟ. ಸಿಡ್ ಮೇಯರ್ ಅವರ ‘ಸಿವಿಲೈಜೇಷನ್’ನಲ್ಲಿ (1991) ಕಾಳಗದ ಫಲಿತಾಂಶ ಒಂದೇ ಬಾರಿಯ ದಾಳದಾಟದಂತೆ ನಿರ್ಧಾರವಾಗುತ್ತಿತ್ತು. ಹಾಗಾಗಿ ಈಟಿ ಹಿಡಿದ ಪ್ರಾಚೀನ ಕಾಲಾಳುಗಳು ಒಮ್ಮೊಮ್ಮೆ ಟ್ಯಾಂಕನ್ನೂ ಯುದ್ಧನೌಕೆಯನ್ನೂ ಉಡಾಯಿಸಿಬಿಡುತ್ತಿದ್ದರು. ಆಟಗಾರರಿಗೆ ಅದು ಹಾಸ್ಯವೂ ಹೌದು, ಹೊಟ್ಟೆಯುರಿಯೂ ಹೌದು. ಬ್ರಯಾನ್ ರೆನಾಲ್ಡ್ಸ್ ವಿನ್ಯಾಸ ಮಾಡಿದ ಎರಡನೇ ಭಾಗದಲ್ಲಿ (1996) ಪ್ರತಿ ಪಡೆಗೂ ತಾಳಿಕೊಳ್ಳುವ ಶಕ್ತಿ ಮತ್ತು ಗುಂಡಿನ ಬಲ ಎಂಬ ಎರಡು ಅಂಕಿಗಳು ಸೇರಿದವು. ಕಾಳಗ ಹಲವು ಸುತ್ತು ನಡೆದು, ಈಟಿಯವರ ಪವಾಡ ಅಪರೂಪವಾಯಿತು. ಸರಣಿಯ ಹೊಸ ಆಟ ಮಾಡುವಾಗ ಮೂರನೇ ಒಂದು ಭಾಗ ಹಾಗೇ ಇರಲಿ, ಮೂರನೇ ಒಂದು ಭಾಗ ತಿದ್ದಿ, ಮೂರನೇ ಒಂದು ಭಾಗ ಹೊಸದಾಗಿರಲಿ ಎಂಬ ಸೂತ್ರ ಮೇಯರ್ ಬಳಗದ್ದೇ.

‘ಏಜ್ ಆಫ್ ಎಂಪೈರ್ಸ್’ ಇನ್ನೂ ಮೋಜಿನದು. 1997ರ ಮೊದಲ ಆಟದಲ್ಲಿ ಊರಿನ ಸುತ್ತ ಕೋಟೆಗೋಡೆ ಕಟ್ಟಬಹುದಿತ್ತು, ಆದರೆ ಗೋಡೆಗೆ ಬಾಗಿಲಿರಲಿಲ್ಲ. ಪೂರ್ತಿ ಸುತ್ತುಗಟ್ಟಿದರೆ ಕಟ್ಟಿದವನೇ ಸೆರೆ. 1999ರ ಎರಡನೇ ಭಾಗ ಬಾಗಿಲು ಕೊಟ್ಟಿತು. ನಮ್ಮವರು ಬಂದರೆ ತಾನಾಗಿ ತೆರೆದುಕೊಳ್ಳುತ್ತದೆ, ಶತ್ರುವಿಗೆ ಮುಚ್ಚಿರುತ್ತದೆ. ದಾಳಿಯಾದಾಗ ಗಂಟೆ ಬಾರಿಸಿದರೆ ರೈತರೆಲ್ಲ ಕಟ್ಟಡದೊಳಗೆ ಓಡಿ ಅಡಗಿಕೊಳ್ಳುತ್ತಾರೆ. ಕೆಲಸವಿಲ್ಲದೆ ನಿಂತ ಹಳ್ಳಿಗನನ್ನು ಹುಡುಕಿಕೊಡಲು ಒಂದು ಬಟನ್. ಮರುವರ್ಷದ ‘ಕಾಂಕರರ್ಸ್’ನಲ್ಲಿ, ಬರಡಾದ ಹೊಲವನ್ನು ಮತ್ತೆ ಬಿತ್ತಲು ಗಿರಣಿಯಲ್ಲೇ ಮುಂಗಡ ಕಟ್ಟಿಡುವ ಅನುಕೂಲ ಬಂತು. ಇವುಗಳಲ್ಲಿ ಒಂದೂ ಜಾಹೀರಾತಿನಲ್ಲಿ ಹೊಳೆಯುವಂಥದ್ದಲ್ಲ. ಆದರೂ ಈ ಆಟ ಇವತ್ತಿಗೂ ಜೀವಂತವಾಗಿರುವುದು ಇಂಥ ಸಣ್ಣಪುಟ್ಟ ಸವಲತ್ತುಗಳಿಂದಲೇ. ಅಭಿಮಾನಿಗಳೇ ಸೇರಿ ಮಾಡಿದ್ದ ವಿಸ್ತರಣೆಯೊಂದು 2013ರಲ್ಲಿ ‘ದಿ ಫರ್ಗಾಟನ್’ ಹೆಸರಿನಲ್ಲಿ ಅಧಿಕೃತವಾಯಿತು. ಭಾರತೀಯರು ಆಟಕ್ಕೆ ಕಾಲಿಟ್ಟಿದ್ದು ಅದರಲ್ಲಿ. 2022ರ ‘ಡೈನಾಸ್ಟೀಸ್ ಆಫ್ ಇಂಡಿಯಾ’ದಲ್ಲಿ ಆ ಒಂದು ಬಣ ಒಡೆದು ಹಿಂದೂಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಎಂದು ನಾಲ್ಕಾಯಿತು. ದ್ರಾವಿಡರ ಕೈಗೆ ಉರುಮಿ ಕತ್ತಿಯೂ ಬಂತು.

ನೂರಾರು ಜನರ ಸ್ಟುಡಿಯೊಗಳ ಕಾಲದಲ್ಲೂ ಸೂತ್ರ ಬದಲಾಗಲಿಲ್ಲ. ಯುಬಿಸಾಫ್ಟ್‌ನ ‘ಅಸ್ಯಾಸಿನ್ಸ್ ಕ್ರೀಡ್’ (2007) ನೋಡಲು ಸೊಗಸು, ಆಡಲು ಏಕತಾನ: ಪ್ರತಿ ಊರಿನಲ್ಲೂ ಅದೇ ಕದ್ದು ಕೇಳುವುದು, ಅದೇ ಜೇಬು ಕತ್ತರಿಸುವುದು. ಎತ್ತರದ ಗೋಪುರಗಳನ್ನು ಸರಸರನೆ ಏರುತ್ತಿದ್ದ ನಾಯಕ ಅಲ್ತಾಯಿರ್ ನೀರಿಗೆ ಬಿದ್ದರೆ ಸತ್ತೇಹೋಗುತ್ತಿದ್ದ. ಎರಡು ವರ್ಷದ ನಂತರದ ಸೀಕ್ವೆಲ್‌ನ ನಾಯಕ ಎಜಿಯೊ ಈಜು ಬಲ್ಲವನು; ಕಾಲುವೆಗಳ ವೆನಿಸ್ ನಗರವನ್ನು ಆಟಕ್ಕೆ ತರಲು ಧೈರ್ಯ ಬಂದದ್ದೂ ಆಗಲೇ. ಕತ್ತರಿ ಹಾಕಿ ಮೇಲೆ ಬಂದದ್ದು ‘ಮಾಸ್ ಎಫೆಕ್ಟ್ 2’ (2010). ಮೊದಲ ಆಟದ ಕಸದ ಬುಟ್ಟಿಯಂಥ ಸಾಮಾನಿನ ಪಟ್ಟಿಯನ್ನೂ ಬರಡು ಗ್ರಹಗಳ ಮೇಲಿನ ವಾಹನ ಸವಾರಿಯನ್ನೂ ಅದು ಕಿತ್ತುಹಾಕಿತು. ಸವಾರಿಯ ಜಾಗಕ್ಕೆ ತಂದ ಗ್ರಹ ಸ್ಕ್ಯಾನಿಂಗ್ ಇನ್ನೂ ಬೇಸರದ ಕೆಲಸ ಎಂಬುದು ಬೇರೆ ಮಾತು.

ಹಳೆಯ ಸಾಮಗ್ರಿಯಿಂದ ಹೊಸತು ಕಟ್ಟುವ ಕಲೆಯಲ್ಲಿ ನಿಂಟೆಂಡೊದ ‘ಜೆಲ್ಡಾ’ ತಂಡವನ್ನು ಮೀರಿಸಿದವರು ಕಡಿಮೆ. 1998ರ ‘ಆಕರಿನಾ ಆಫ್ ಟೈಮ್’ ಪಾತ್ರಗಳನ್ನೇ ಬಳಸಿ, ಸುಮಾರು ಒಂದು ವರ್ಷದ ಗಡುವಿನೊಳಗೆ ಐಜಿ ಅವೊನುಮಾ, ಯೊಶಿಯಾಕಿ ಕೊಯಿಜುಮಿ ಬಳಗ ‘ಮಜೋರಾಸ್ ಮಾಸ್ಕ್’ (2000) ಮಾಡಿತು. ದೊಡ್ಡ ಲೋಕ ಕಟ್ಟಲು ಸಮಯವಿಲ್ಲದ್ದರಿಂದ ಅದೇ ಮೂರು ದಿನ ಮತ್ತೆ ಮತ್ತೆ ಮರುಕಳಿಸುವ ಕಥೆ ಹೆಣೆದರು. ಸಮಯದ ವಿಷಯದಲ್ಲಿ 2023ರ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ಇದರ ತದ್ವಿರುದ್ಧ. 2017ರ ‘ಬ್ರೆತ್ ಆಫ್ ದಿ ವೈಲ್ಡ್’ ಭೂಪಟವೇ ಇಲ್ಲೂ ಇದೆ, ಮೇಲೆ ಆಕಾಶದ್ವೀಪಗಳು, ಕೆಳಗೆ ಪಾತಾಳ. ಮೊದಲ ಆಟದಲ್ಲಿ ಜನ ಗಣಿಯ ಗಾಡಿಗಳನ್ನು ಒಂದರ ಮೇಲೊಂದು ಹೇರಿ, ಯಾರೂ ಊಹಿಸದ ರೀತಿಯಲ್ಲಿ ಹಾರಾಡುತ್ತಿದ್ದರು. ಎರಡನೆಯದರಲ್ಲಿ ಯಾವುದಕ್ಕೆ ಯಾವುದನ್ನಾದರೂ ಅಂಟಿಸಿ ಗಾಡಿ, ದೋಣಿ, ವಿಮಾನ ಮಾಡುವುದೇ ಆಟದ ಮುಖ್ಯ ಶಕ್ತಿಯಾಯಿತು. ಕೆಲಸ ಬಹುತೇಕ ಮುಗಿದ ಮೇಲೂ, ಅಂಟಿಸಿದ ವಸ್ತುಗಳು ನಂಬುವಂತೆ ವರ್ತಿಸಲೆಂದು ಇನ್ನೂ ಒಂದು ವರ್ಷ ತಿದ್ದಿದರು. ಮೂರು ದಿನದಲ್ಲಿ ಒಂದು ಕೋಟಿ ಪ್ರತಿ ಮಾರಾಟವಾಯಿತು.

ಮರುಬಳಕೆಯೇ ಮಂತ್ರವಾದರೆ ‘ಡ್ರ್ಯಾಗನ್ ಏಜ್ 2’ ಆಗುತ್ತದೆ. ಮೊದಲ ಭಾಗ ಬಂದು ಒಂದೂವರೆ ವರ್ಷವೂ ತುಂಬದೆ 2011ರಲ್ಲಿ ಹೊರಟ ಅದರಲ್ಲಿ ಒಂದೇ ಗುಹೆ, ಬೇರೆ ಬೇರೆ ಬಾಗಿಲು ಮುಚ್ಚಿಕೊಂಡು, ಹತ್ತಾರು ಗುಹೆಗಳ ವೇಷ ಹಾಕಿತು. ಸಮಯ ಜಾಸ್ತಿ ಸಿಕ್ಕರೂ ಕಷ್ಟವೇ: 1997ರಲ್ಲಿ ಘೋಷಣೆಯಾದ ‘ಡ್ಯೂಕ್ ನ್ಯೂಕೆಮ್ ಫಾರೆವರ್’ ಎಂಜಿನ್ ಬದಲಿಸುತ್ತ, ಕೈ ಬದಲಿಸುತ್ತ 2011ಕ್ಕೆ ಬಂದು ತಲುಪುವಾಗ ಅದರ ಹಾಸ್ಯವೇ ಹಳಸಿತ್ತು. ನಗರ ಕಟ್ಟುವ ಆಟ ‘ಸಿಟೀಸ್: ಸ್ಕೈಲೈನ್ಸ್ 2’ರ (2023) ಗೋಳು ಇನ್ನೊಂದು ಬಗೆ. ಅದರ ಎದುರಾಳಿ 2015ರಲ್ಲಿ ಬಿಡುಗಡೆಯಾದ ಮೊದಲ ಆಟವಲ್ಲ. ಎಂಟು ವರ್ಷ ವಿಸ್ತರಣೆಗಳಿಂದ, ಅಭಿಮಾನಿಗಳ ತಿದ್ದುಪಡಿಗಳಿಂದ ಮೈತುಂಬಿಕೊಂಡ ಆಟ. ಹೊಸದು ಬಲವಾದ ಕಂಪ್ಯೂಟರ್‌ಗಳಲ್ಲೂ ತೆವಳಿತು. ಕಾರಣ ಕೆದಕಿದವರಿಗೆ, ಆಕಾಶದಿಂದ ನೋಡುವ ಆ ನಗರದ ಪುಟಾಣಿ ಪ್ರಜೆಗಳ ಬಾಯೊಳಗೆ ಒಂದೊಂದು ಹಲ್ಲನ್ನೂ ಬಿಡಿಸಿಟ್ಟಿದ್ದು ಸಿಕ್ಕಿತು.

ಹೀಗೆ ಹಲ್ಲು, ಎಲೆ, ಕಾರಿನ ಬೋಲ್ಟ್‌ವರೆಗೆ ಬೆಳೆದ ಕೆಲಸದ ರಾಶಿಯಲ್ಲಿ ಬೆಂಗಳೂರಿಗೂ ಪಾಲಿದೆ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಕಟ್ಟಿದ ಧ್ರುವ ಇಂಟರ‍್ಯಾಕ್ಟಿವ್, ದೇಶದ ಮೊದಮೊದಲ ಗೇಮ್ ಸ್ಟುಡಿಯೊಗಳಲ್ಲೊಂದು; ‘ಫೋರ್ಜಾ’ದಂಥ ವಿದೇಶಿ ಸರಣಿಗಳಿಗೆ ಚಿತ್ರಕಲೆಯ ಕೆಲಸ ಮಾಡಿಕೊಟ್ಟಿತು. 2019ರಲ್ಲಿ ಅದನ್ನು ಕೊಂಡ ರಾಕ್‌ಸ್ಟಾರ್, ತನ್ನ ಬೆಂಗಳೂರು ಶಾಖೆಗೆ ಸೇರಿಸಿಕೊಂಡಿತು. ‘ರೆಡ್ ಡೆಡ್ ರಿಡೆಂಪ್ಷನ್ 2’ ಕಟ್ಟಿದ ಸ್ಟುಡಿಯೊಗಳಲ್ಲಿ ಆ ಶಾಖೆಯೂ ಒಂದು.

ಈಚಿನ ವರ್ಷಗಳಲ್ಲಿ ಸೀಕ್ವೆಲ್‌ನ ಗಡಿಯೇ ಮಸುಕಾಗಿದೆ. ಇಂಟರ್ನೆಟ್ ಮೂಲಕ ಆಟವನ್ನು ವಾರವಾರವೂ ತಿದ್ದಬಹುದಾದರೆ ಎರಡನೇ ಭಾಗ ಏಕೆ? 2022ರಲ್ಲಿ ‘ಓವರ್‌ವಾಚ್ 2’ ಶುರುವಾಗಲು ಮೊದಲ ಆಟದ ಸರ್ವರ್‌ಗಳನ್ನೇ ಮುಚ್ಚಲಾಯಿತು. ಮರುವರ್ಷ ‘ಕೌಂಟರ್-ಸ್ಟ್ರೈಕ್ 2’ ತನ್ನ ಹಿಂದಿನದರ ಜಾಗದಲ್ಲೇ ಬಂದು ಕೂತಿತು. ಹೊಸದು ಹಿಡಿಸದಿದ್ದರೆ ಹಳೆಯದನ್ನೇ ಆಡಿಕೊಂಡಿರುತ್ತೇವೆ ಎನ್ನುವ ಹಕ್ಕು ಆಟಗಾರರ ಕೈಯಿಂದ ಜಾರುತ್ತಿರುವುದು ಒಳ್ಳೆಯ ಲಕ್ಷಣವೇನಲ್ಲ.

ಹಳೆಯ ದಾರಿ ಹಿಡಿದವರೂ ಇದ್ದಾರೆ. ಆಸ್ಟ್ರೇಲಿಯದ ಅಡಿಲೇಡ್‌ನ ಟೀಮ್ ಚೆರಿ ಎಂಬ ಬೆರಳೆಣಿಕೆಯ ಜನರ ತಂಡ 2017ರಲ್ಲಿ ‘ಹಾಲೊ ನೈಟ್’ ಮಾಡಿ, ಅದಕ್ಕೊಂದು ವಿಸ್ತರಣೆ ಸೇರಿಸಲು ಹೊರಟಿತು. ಅದು ಬೆಳೆದು ಬೆಳೆದು ‘ಸಿಲ್ಕ್‌ಸಾಂಗ್’ ಎಂಬ ಪೂರ್ಣ ಆಟವಾಗಿ 2025ರ ಸೆಪ್ಟೆಂಬರ್ 4ರಂದು ಬಂದಾಗ, ಕೊಳ್ಳುವವರ ನೂಕುನುಗ್ಗಲಿಗೆ ಆನ್‌ಲೈನ್ ಮಳಿಗೆಗಳೇ ತಡವರಿಸಿದವು. ಆರಂಭದಲ್ಲೇ ಇಷ್ಟು ಕಠಿಣವೇ ಎಂಬ ಗೊಣಗಾಟವೂ ಜತೆಗೇ ಶುರುವಾಯಿತು. ವಾರದೊಳಗೆ ತಂಡ ಮೊದಲ ತಿದ್ದುಪಡಿ ಪ್ರಕಟಿಸಿತು: ಆರಂಭದ ಇಬ್ಬರು ಬಲಶಾಲಿ ಶತ್ರುಗಳನ್ನು ಕೊಂಚ ಮೆತ್ತಗೆ ಮಾಡಿ, ನಡುದಾರಿಯಲ್ಲಿ ಕೂತು ದಣಿವಾರಿಸಿಕೊಳ್ಳುವ ಬೆಂಚುಗಳ ದರವನ್ನೂ ಒಂದಿಷ್ಟು ಇಳಿಸಿತ್ತು.