‘ಎಡಕಲ್ಲು ಗುಡ್ಡದ ಮೇಲೆ’ ಮತ್ತು 497ನೆಯ ಕಲಮು

ಚಿಕ್ಕಜಾಜೂರಿನಲ್ಲಿ ಕವಲೊಡೆಯುವ ರೈಲುದಾರಿಯನ್ನು ಹಿಡಿದು ಚಿತ್ರದುರ್ಗವನ್ನು ಸೇರುವವರಿಗೆ, ಅಲ್ಲಿಯ ಕೋಟೆಯೊಡನೆ ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ನೆನಪಾಗುವುದು ಸಹಜ. ದುರ್ಗದ ಬಂಡೆಗಳ ನಡುವೆ ಜಾತಿಮತಗಳ ಗೆರೆ ದಾಟಿದ ಪ್ರೇಮವನ್ನು ಚಿತ್ರಿಸಿದ ಈ ನಿರ್ದೇಶಕರು, ಮರುವರ್ಷವೇ ‘ಎಡಕಲ್ಲು ಗುಡ್ಡದ ಮೇಲೆ’ಯಲ್ಲಿ ವಿವಾಹದ ಗೆರೆಯನ್ನೇ ದಾಟಿದ ಹೆಣ್ಣನ್ನು ತೆರೆಗೆ ತಂದರು. ಭಾರತೀಸುತರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಮಾಧವಿಯ ಪತಿ ಯುದ್ಧದಲ್ಲಿ ಗಾಯಗೊಂಡು ದಾಂಪತ್ಯಸುಖಕ್ಕೆ ಎರವಾದವನು. ಆಕೆಯ ಮನಸ್ಸು ತರುಣನೊಬ್ಬನತ್ತ ಹರಿಯುತ್ತದೆ. ಜಯಂತಿಯವರು ನಟಿಸಿದ ಈ ಪಾತ್ರವನ್ನು ಕುಲಟೆಯೆಂದು ತಳ್ಳಿಬಿಡುವುದು ಪ್ರೇಕ್ಷಕನಿಗೆ ಸುಲಭವಲ್ಲ. ಚಿತ್ರದ ಬೆಲೆಯಿರುವುದು ಅಲ್ಲಿಯೇ ಎಂದು ನಾವು ಭಾವಿಸುತ್ತೇವೆ.

ಆಗ ಜಾರಿಯಲ್ಲಿದ್ದ 1860ರ ದಂಡಸಂಹಿತೆಯ 497ನೆಯ ಕಲಮು ಇಂತಹ ಹೆಣ್ಣನ್ನು ಶಿಕ್ಷಿಸುತ್ತಿರಲಿಲ್ಲ. ಇದನ್ನು ಔದಾರ್ಯವೆಂದು ಬಗೆಯಲಾಗದು. ಗಂಡನ ಸಮ್ಮತಿಯಿದ್ದರೆ ಅಪರಾಧವೇ ಇಲ್ಲ. ದೂರುವ ಹಕ್ಕೂ ಅವನದೇ. ತಪ್ಪಿದ ಗಂಡನ ಮೇಲೆ ದೂರು ಕೊಡಲು ಹೆಂಡತಿಗೆ ಎಡೆಯಿಲ್ಲ. ಶಾಸನದ ದೃಷ್ಟಿಯಲ್ಲಿ ಆಕೆ ಅವನ ಸೊತ್ತಿಗೆ ಸಮಾನಳು. ದಕ್ಷಿಣ ಕೊರಿಯದ 1953ರ ದಂಡಸಂಹಿತೆಯಾದರೋ ಇಬ್ಬರನ್ನೂ ಸೆರೆಮನೆಗೆ ಕಳುಹಿಸಬಹುದಾಗಿತ್ತು. ಅಲ್ಲಿ ಪ್ರಾಧ್ಯಾಪಕರೊಬ್ಬರ ಪತ್ನಿಯ ಚಾಂಚಲ್ಯವನ್ನು ಕುರಿತ ಹಾನ್ ಹ್ಯೊಂಗ್‌ಮೊ ಅವರ ‘ಜಾಯು ಬುಯಿನ್’ (‘ಸ್ವತಂತ್ರ ಗೃಹಿಣಿ’) 1956ರಲ್ಲಿಯೇ ಕೋಲಾಹಲವೆಬ್ಬಿಸಿತ್ತು. ಕೊರಿಯದ ಸಂವಿಧಾನ ನ್ಯಾಯಾಲಯ ಆ ವಿಧಿಯನ್ನು 2015ರಲ್ಲಿ ರದ್ದುಪಡಿಸಿತು. ಮಾಧವಿ ತೆರೆಗೆ ಬಂದು 45 ವರ್ಷಗಳಾದ ಮೇಲೆ, 2018ರ ಸೆಪ್ಟೆಂಬರ್ 27ರಂದು, ನಮ್ಮ ಸರ್ವೋಚ್ಚ ನ್ಯಾಯಾಲಯ 497ನೆಯ ಕಲಮನ್ನು ಅಸಾಂವಿಧಾನಿಕವೆಂದು ಸಾರಿತು.