ಔಷಧಗಳ ಅಡ್ಡಪರಿಣಾಮ: ಗುರುತಿಸುವಿಕೆಯ ಇತಿಹಾಸ ಮತ್ತು ದಾವಣಗೆರೆ–ಹರಿಹರ

ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡಾಗಲೂ ಔಷಧದಿಂದ ಆಗುವ ಹಾನಿಯೇ ಅಡ್ಡಪರಿಣಾಮ. ಇದರ ಇತಿಹಾಸವನ್ನು ಚುರುಕು ಕಣ್ಣಿನ ವೈದ್ಯರ ಕಥೆಯಾಗಿ ಹೇಳುವುದು ವಾಡಿಕೆ. ಥಾಲಿಡೊಮೈಡ್ ಪ್ರಕರಣ ಬೇರೆಯದನ್ನೇ ಹೇಳುತ್ತದೆ. 1957ರಲ್ಲಿ ಜರ್ಮನಿಯ ಮಾರುಕಟ್ಟೆಗೆ ಬಂದ ಈ ಗುಳಿಗೆಯ ಮೇಲೆ ಅಲ್ಲಿನ ವೈದ್ಯ ಲೆಂಜ್ ಮತ್ತು ಆಸ್ಟ್ರೇಲಿಯದ ವೈದ್ಯ ಮ್ಯಾಕ್‌ಬ್ರೈಡ್ ಬಹಿರಂಗವಾಗಿ ಬೆರಳು ತೋರಿಸಿದ್ದು 1961ರಲ್ಲಿ. ಗರ್ಭಿಣಿಗೆ ಗುಳಿಗೆ ಬರೆದವರೊಬ್ಬರು, ಕೈಕಾಲು ಬೆಳೆಯದ ಮಗುವನ್ನು ಕಂಡವರು ಇನ್ನೊಬ್ಬರು. ಎರಡೂ ಮಾಹಿತಿ ಒಂದೆಡೆ ಸೇರುವ ವ್ಯವಸ್ಥೆ ಇರಲಿಲ್ಲ. 1964ರಲ್ಲಿ ಅಡ್ಡಪರಿಣಾಮ ವರದಿ ಮಾಡುವ ಬ್ರಿಟನ್ನಿನ ಹಳದಿ ಕಾರ್ಡು, 1968ರಲ್ಲಿ ಅಂಥ ವರದಿಗಳನ್ನು ಒಟ್ಟುಗೂಡಿಸುವ ವಿಶ್ವ ಆರೋಗ್ಯ ಸಂಸ್ಥೆಯ ಕಾರ್ಯಕ್ರಮ ಹುಟ್ಟಿದ್ದು ಈ ಕೊರತೆಯಿಂದ. ಭಾರತದ ಈಗಿನ ಔಷಧ ಜಾಗೃತಿ ಕಾರ್ಯಕ್ರಮ 2010ರಲ್ಲಿ ಶುರುವಾಗಿ, ಮರುವರ್ಷ ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗದ ಕೈಗೆ ಬಂತು.

ಅದೇ ಕೊರತೆ ದಾವಣಗೆರೆ ಸೀಮೆಯಲ್ಲೂ ಇದೆ. ಹರಿಹರದಲ್ಲಿ ಫಿಟ್ಸ್‌ಗೆ ಕಾರ್ಬಮಜೆಪಿನ್ ಶುರು ಮಾಡಿದವರಲ್ಲಿ ಕೆಲವರಿಗೆ ಎರಡು ಮೂರು ವಾರದ ಮೇಲೆ ಜ್ವರ, ಬಾಯಿಹುಣ್ಣು, ಮೈತುಂಬ ದದ್ದು ಏಳಬಹುದು. ಅಪರೂಪಕ್ಕೆ ಚರ್ಮವೇ ಸುಲಿದು ಜೀವಕ್ಕೆ ಕುತ್ತು ಬರುವುದೂ ಉಂಟು. ಆಗ ಅವರು ಹೋಗಬಹುದಾದದ್ದು ಚೀಟಿ ಬರೆದ ವೈದ್ಯರ ಬಳಿಗಲ್ಲ, ಹದಿನಾಲ್ಕು ಕಿಲೋಮೀಟರ್ ಆಚೆಯ ದಾವಣಗೆರೆಗೆ, ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ 1965ರಲ್ಲಿ ಶುರುವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ವೈದ್ಯರ ಬಳಿಗೋ. ಗುಳಿಗೆಯ ಪಟ್ಟಿ ಮನೆಯಲ್ಲೇ ಉಳಿದಿದ್ದರೆ ಕಾರಣದ ಅರ್ಧ ಹರಿಹರದಲ್ಲೇ ಉಳಿದಂತೆ. ಒಂದೇ ಆಸ್ಪತ್ರೆಯಲ್ಲಿ ಒಟ್ಟಾಗಿ ಆದ ಹಾನಿ ಬೇಗ ಕಣ್ಣಿಗೆ ಬೀಳುತ್ತದೆ: 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಹೋಯಿತು. (ಅದು ದ್ರಾವಣದ ಗುಣಮಟ್ಟದ ಪ್ರಶ್ನೆ, ಅಡ್ಡಪರಿಣಾಮದ ಲೆಕ್ಕಕ್ಕೆ ನೇರವಾಗಿ ಸೇರದು.) ಊರಿಗೊಬ್ಬರಂತೆ ಚದುರಿದ ಹಾನಿಗೆ ಆ ಅನುಕೂಲವಿಲ್ಲ, ಅದು ಕಾಣುವುದು ವರದಿಗಳು ಒಂದೆಡೆ ಸೇರಿದಾಗ.

ರೋಗದಿಂದಲೇ ಆದದ್ದನ್ನು ಔಷಧದ ತಲೆಗೆ ಕಟ್ಟಿದರೆ ಗತಿಯೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ವರದಿ ಮಾಡುವವರಿಂದ ಯಾರೂ ಪುರಾವೆ ಕೇಳುವುದಿಲ್ಲ, ಸಂಶಯ ಸಾಕು. ರೋಗಿಯ ಹೆಸರಿನ ಮೊದಲಕ್ಷರ, ಆದ ತೊಂದರೆ, ಸಂಶಯದ ಔಷಧ, ವರದಿ ಮಾಡುವವರ ವಿವರ ಇದ್ದರೆ ವರದಿಯ ನಮೂನೆ ನಿಲ್ಲುತ್ತದೆ. ಒಂದು ವರದಿ ತಪ್ಪಾದರೂ ನೂರರ ನಡುವೆ ಅದು ಮುಳುಗಿಹೋಗುತ್ತದೆ. ಜನ ಹೆದರಿ ಔಷಧ ಬಿಟ್ಟಾರು ಎಂಬ ವಾದ ಅಷ್ಟು ಗಟ್ಟಿಯಲ್ಲ. ಕಾರಣ ಹೇಳದೆ ಬಿಟ್ಟಾಗಲೇ ಅವರು ತಾವಾಗಿ ಗುಳಿಗೆ ನಿಲ್ಲಿಸುವುದು, ಫಿಟ್ಸ್ ಗುಳಿಗೆಯ ವಿಷಯದಲ್ಲಿ ಅದೂ ಅಪಾಯವೇ. ರೋಗಿಗಳೇ ತುಂಬಬಹುದಾದ ನಮೂನೆ ಕನ್ನಡದಲ್ಲೂ ಇದೆ. ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024.